ಮೂಡುಬಿದಿರೆಯ ಖಾಲಿ ಕುರ್ಚಿ

ಮಡಂತ್ಯಾರು
11 ಫೆಬ್ರವರಿ 2025

ಮೂಡುಬಿದಿರೆಯ ಹರಿಣಾಕ್ಷಿ ಡಾಕ್ಟರಿಗೆ, ಮಡಂತ್ಯಾರಿನ ಹೋಟೆಲಿನ ಸಂಕಪ್ಪ ಶೆಟ್ಟಿ ಬರೆಯುವುದು.

ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಫೋನಿನಲ್ಲಿ ಹೇಳಿದ ಮಾತು ಎಲ್ಲೆಲ್ಲಿ ಹೋಗಿ ಮುಟ್ಟುತ್ತದೆ ಎಂದು ಯಾರಿಗೆ ಗೊತ್ತು? ವಾಟ್ಸ್ಯಾಪ್ ಹಾಕಿಕೊಟ್ಟವಳು ಮಗಳು ಪ್ರಾಪ್ತಿ. ಹಾಗಾಗಿ ಅದರ ಕೀಲಿಕೈ ಅವಳ ಹತ್ತಿರ ಉಂಟು ಎಂದೇ ನಾನು ತಿಳಿದಿದ್ದೇನೆ. ಕಾಗದವಾದರೆ ಅಂಟು ಹಾಕಿದ ಮೇಲೆ ಮುಗಿಯಿತು. ನೀವು ಉತ್ತರ ಬರೆದರೆ ಮನೆಗೆ ಬೇಡ, ಹೋಟೆಲಿನ ಎದುರಿನ ಉಸ್ಮಾನನ ಚಪ್ಪಲಿ ಅಂಗಡಿಯ ವಿಳಾಸಕ್ಕೆ ಹಾಕಿ. ಲಕೋಟೆಯ ಮೇಲೆ ನಿಮ್ಮ ಸೀಲು ಬೇಡ. ಮನಸ್ಸಿನ ಡಾಕ್ಟರೆಂದು ತಿಳಿದರೆ ಇಲ್ಲಿಂದ ಬೆಳ್ತಂಗಡಿಯವರೆಗೆ ಶೆಟ್ರ ತಲೆ ಕೆಟ್ಟಿದೆ ಎಂದಾಗುತ್ತದೆ. ನಿಮ್ಮಲ್ಲಿಗೆ ಬರುವಾಗಲೆಲ್ಲ ಊರವರಿಗೆ ತೋಡಾರಿನ ತಂಗಿಯ ಮನೆಗೆ ಎಂದು ಹೇಳಿಯೇ ಬಸ್ಸು ಹತ್ತುತ್ತಿದ್ದೆ.

ಟು ಬಿ ಫ್ರ್ಯಾಂಕ್, ಈ ಕಾಗದ ಆ ಕುರ್ಚಿಯ ವಿಷಯಕ್ಕೆ.

ಕಳೆದ ಮಂಗಳವಾರ ನೀವು ಒಂದು ಖಾಲಿ ಕುರ್ಚಿಯನ್ನು ನನ್ನ ಎದುರಿಗೆ ಎಳೆದಿರಿ. "ಇಲ್ಲಿ ನಿಮ್ಮ ಹೆಂಡತಿ ಕೂತಿದ್ದಾರೆ ಅಂತ ತಿಳ್ಕೊಳ್ಳಿ, ಅವರಿಗೆ ಹೇಳ್ಬೇಕಾದ್ದನ್ನು ಹೇಳಿ" ಎಂದಿರಿ. ನನಗೆ ಮೊದಲು ನಾಚಿಕೆಯಾಯಿತು. ಮತ್ತೆ ಬಾಯಿ ತಪ್ಪಿ ಬಂದುಬಿಟ್ಟಿತು: ಬಾ ಸರಸ, ಕೂತ್ಕೋ. ಅಷ್ಟೇ. ಮುಂದಿನ ಮಾತು ಬರಲಿಲ್ಲ. ನೀವು ಗಡಿಯಾರ ನೋಡಿ, ಪರವಾಗಿಲ್ಲ, ಮುಂದಿನ ವಾರ ನೋಡುವ ಎಂದಿರಿ. ನಾನು ಮೆಟ್ಟಿಲಿಳಿಯುವಾಗ ಒಬ್ಬಳು ಹೆಂಗಸು ಹತ್ತುತ್ತಿದ್ದಳು.

ಬಸ್ಸು ವೇಣೂರು ದಾಟುವಾಗ ನನಗೆ ಹೊಳೆಯಿತು, ನಾನು ಏನು ಮಾಡಿಬಿಟ್ಟೆ ಎಂದು. ನೀವು ಬೆಳ್ತಂಗಡಿಯ ಆಚೆಯ ಗುಡ್ಡದ ಕಡೆಯವರು, ನಿಮಗೆ ಗೊತ್ತಿಲ್ಲದ್ದಲ್ಲ. ತೀರಿಹೋದವರನ್ನು, ನಮ್ಮ ಕುಲೆಗಳನ್ನು, ಕರೆಯುವುದಕ್ಕೆ ದಿನ ಉಂಟು. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯೊಳಗೆ ದೀಪ ಹಚ್ಚಿ, ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಹಾಕಿ ನಾವು ಹೊರಗೆ ನಿಲ್ಲುವುದು. ಉಂಡು ಆಗುವಷ್ಟು ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆಗೆಯುವುದು. ಕರೆದರೆ ಬಡಿಸಬೇಕು, ಬಡಿಸಿದರೆ ಕಳಿಸಬೇಕು. ಸರಸನಿಗೆ ನಾನು ಮನೆಯಲ್ಲೇ ಇನ್ನೂ ಎಲೆ ಹಾಕಿಲ್ಲ. ಕಳೆದ ಆಟಿಯಲ್ಲಿ ಈ ವರ್ಷ ಬೇಡ ಎಂದೆ. ಅಂಥವಳನ್ನು ಮೂಡುಬಿದಿರೆಯ ಮಾಳಿಗೆಗೆ ಕರೆದು, ಕೂರಿಸಿ, ಒಂದು ಗ್ಲಾಸು ನೀರೂ ಕೇಳದೆ ನಾನು ಬಸ್ಸು ಹತ್ತಿದ್ದೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಹೋಟೆಲು ನಡೆಸಿದವನು. ಕೂತ ಗಿರಾಕಿಯನ್ನು ಕೇಳದೆ ಬಿಟ್ಟವನಲ್ಲ.

ಆ ಹೆಂಗಸು ಅದೇ ಕುರ್ಚಿಯಲ್ಲಿ ಕೂತಳೇ? ಅದಕ್ಕೆ ಮೊದಲು ನೀವು ಏನಾದರೂ ಮಾಡಿದಿರೇ? ಇದಕ್ಕೆ ಉತ್ತರ ಬೇಕು.

ಇನ್ನೊಂದು. ನಿಮ್ಮಲ್ಲಿಗೆ ನಾನು ಬಂದದ್ದು ಯಾಕೆಂದು ನಿಮಗೆ ಪುನಃ ನೆನಪು ಮಾಡುತ್ತೇನೆ. ಸರಸ ಹೋದದ್ದು ಕಳೆದ ಮೇ ತಿಂಗಳಲ್ಲಿ, ಮಂಗಳೂರಿನ ಆಸ್ಪತ್ರೆಯಲ್ಲಿ. ಮೇಲೆ ಅವಳ ಹತ್ತಿರ ಒಬ್ಬರಿಗೆ ಮಾತ್ರ ಜಾಗ. ಪ್ರಾಪ್ತಿ ಇದ್ದಳು. ನಾನು ಕೆಳಗೆ ಬೆಂಚಿನಲ್ಲಿ. ಮಧ್ಯಾಹ್ನ ಪ್ರಾಪ್ತಿ ಇಳಿದು ಬಂದು ಆಯ್ತು ಎಂದಳು. ಕೊನೆಗೆ ಏನಂದಳು ಎಂದು ಎಷ್ಟು ಸಲ ಕೇಳಿದರೂ, "ಏನೂ ಹೇಳ್ಲಿಲ್ಲ ಅಪ್ಪ" ಎಂದು ನೆಲ ನೋಡುತ್ತಾಳೆ. ಕ್ಯಾಷ್ ಟೇಬಲ್ಲಿನಲ್ಲಿ ಕೂತವನಿಗೆ, ಎರಡು ವಡೆ ತಿಂದು ಒಂದು ಎನ್ನುವವನ ಮುಖ ಗೊತ್ತಾಗುತ್ತದೆ. ಸರಸ ಏನೋ ಹೇಳಿದ್ದಾಳೆ, ನನ್ನ ಮೇಲೆಯೇ ಹೇಳಿದ್ದಾಳೆ. ಅದಕ್ಕೇ ಮಗಳು ಮುಚ್ಚುತ್ತಾಳೆ. ಅವಳು ಮಾಡಿದ ಅಡಿಗೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಹೋಟೆಲಿಗೂ ಕಾಲಿಡುವುದಿಲ್ಲ. ನನ್ನನ್ನು ನಿಮ್ಮಲ್ಲಿಗೆ ಕಳಿಸುವ ಮೊದಲು ಅವಳು ನಿಮಗೆ ಫೋನ್ ಮಾಡಿದ್ದಳಲ್ಲ, ಆಗ ಅದನ್ನು ಹೇಳಿದ್ದಾಳೆ ಎಂದು ನನ್ನ ಸ್ಟ್ರಾಂಗ್ ಡೌಟು.

ಉತ್ತರ ಬರುವವರೆಗೆ ನಾನು ಮೂಡುಬಿದಿರೆಗೆ ಇಲ್ಲ.

ಇಷ್ಟು ಬರೆದು ಪೆನ್ನು ಮುಚ್ಚಿದ
ಸಂಕಪ್ಪ ಶೆಟ್ಟಿ


ಮೂಡುಬಿದಿರೆ
19 ಫೆಬ್ರವರಿ 2025

ಸಂಕಪ್ಪ ಶೆಟ್ರಿಗೆ ಹರಿಣಾಕ್ಷಿಯ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ನೀವು ಹೇಳಿದ ಹಾಗೆ ಸೀಲಿಲ್ಲದ ಲಕೋಟೆಯಲ್ಲೇ ಉತ್ತರ ಕಳಿಸುತ್ತಿದ್ದೇನೆ. ಕಾಗದದಲ್ಲಿ ಚಿಕಿತ್ಸೆ ಮಾಡುವ ಕ್ರಮ ನನ್ನದಲ್ಲ. ಆದರೆ ನೀವು ಬರುವುದನ್ನು ನಿಲ್ಲಿಸಿದ್ದೀರಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕೆಲಸ. ಡಾಕ್ಟರ್ ಎಂದು ಮಾತ್ರ ಬರೆಯಬೇಡಿ. ನಾನು ಮಾತ್ರೆ ಕೊಡುವವಳಲ್ಲ.

ಆ ಕುರ್ಚಿಯಲ್ಲಿ ಮೆಟ್ಟಿಲಲ್ಲಿ ಕಂಡವರು ಕೂತರೇ ಎಂದು ಕೇಳಿದಿರಿ. ಕೂತರು. ಅದಕ್ಕೆ ಮೊದಲು ನಾನು ಏನೂ ಮಾಡಲಿಲ್ಲ. ಕಿಟಕಿ ತೆರೆದೆ, ಅಷ್ಟೇ. ನಿಮಗೆ ಸಮಾಧಾನವಾಗಲಿ ಎಂದು ಬೇರೆ ಬರೆಯಬಹುದಿತ್ತು. ಅದು ಸುಳ್ಳಾಗುತ್ತಿತ್ತು.

ಖಾಲಿ ಕುರ್ಚಿ ನಮ್ಮಲ್ಲಿ ಒಪ್ಪಿತವಾದ ಒಂದು ವಿಧಾನ. ಹೇಳದೆ ಉಳಿದ ಮಾತಿಗೆ ಜಾಗ ಮಾಡಿಕೊಡಲಿಕ್ಕೆ ಬಳಸುತ್ತೇವೆ, ಎಷ್ಟೋ ಮಂದಿಗೆ ಹಗುರವಾದದ್ದನ್ನು ಕಂಡಿದ್ದೇನೆ. ಆದರೆ ಎಳೆಯುವ ಮೊದಲು ನಿಮ್ಮನ್ನು ಕೇಳಬೇಕಿತ್ತು. ಕೇಳಲಿಲ್ಲ.

ನಿಮ್ಮ ಮಗಳು ನನಗೆ ಏನು ಹೇಳಿದರು, ಏನು ಹೇಳಲಿಲ್ಲ, ಎರಡನ್ನೂ ನಾನು ತಿಳಿಸುವುದಿಲ್ಲ. ನಿಮ್ಮ ಮಾತನ್ನು ಅವರಿಗೂ ತಿಳಿಸುವುದಿಲ್ಲ.

ಮಂಗಳವಾರ ಹನ್ನೊಂದು ಗಂಟೆಯ ಹೊತ್ತು ಇನ್ನೂ ನಿಮ್ಮ ಹೆಸರಿನಲ್ಲೇ ಉಂಟು.

ಗೌರವದಿಂದ,
ಹರಿಣಾಕ್ಷಿ


ಮಡಂತ್ಯಾರು
18 ಮಾರ್ಚ್ 2025

ಹರಿಣಾಕ್ಷಿ ಮೇಡಂ ಅವರಿಗೆ,

ನಿಮ್ಮ ಕಾಗದ ಓದಿ ನನ್ನ ಡೌಟು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಹೇಳಿಲ್ಲದಿದ್ದರೆ ಹೇಳಿಲ್ಲ ಎಂದು ಬರೆಯಲಿಕ್ಕೆ ಎಷ್ಟು ಶಾಯಿ ಬೇಕು? ಎರಡನ್ನೂ ತಿಳಿಸುವುದಿಲ್ಲ ಎನ್ನುವವರು ಒಂದನ್ನು ಇಟ್ಟುಕೊಂಡೇ ಇರುತ್ತಾರೆ.

ಕುರ್ಚಿಯ ವಿಷಯದಲ್ಲಿ ಸತ್ಯ ಬರೆದಿರಿ, ಅದು ಹೌದು. ಆದರೆ ಸಣ್ಣ ಸತ್ಯ ಬಿಟ್ಟುಕೊಟ್ಟು ದೊಡ್ಡದನ್ನು ಒಳಗಿಡುವ ಉಪಾಯವೂ ಉಂಟು. ಗಿರಾಕಿ ಸಾಂಬಾರಿಗೆ ಉಪ್ಪು ಹೆಚ್ಚು ಎಂದರೆ, ಹೌದು ಅಣ್ಣ ಎಂದು ಕೂಡಲೇ ಒಪ್ಪಿದರೆ ಅವನು ಎಣ್ಣೆಯ ವಿಷಯ ಕೇಳುವುದಿಲ್ಲ. ಹೋಟೆಲಿನವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಿಮ್ಮ ಕೋಣೆಯಲ್ಲಿ ಕೂತಾಗ ನೀವು ನನ್ನನ್ನು ನೋಡಿದಿರಿ, ನಾನು ನಿಮ್ಮ ಗೋಡೆ ನೋಡಿದೆ. ಸರ್ಟಿಫಿಕೇಟುಗಳಲ್ಲಿ ಕೊನೆಯದಕ್ಕೆ ಕಳೆದ ಡಿಸೆಂಬರಿನ ತಾರೀಕು. ತಿಂಗಳಿಗೊಮ್ಮೆ ಶನಿವಾರ ನೀವು ಮಂಗಳೂರಿಗೆ ಹೋಗುತ್ತೀರಿ, ಅಲ್ಲಿ ನಿಮ್ಮ ಹಾಗಿನವರೆಲ್ಲ ಒಟ್ಟು ಸೇರುತ್ತೀರಿ ಎಂದು ನೀವೇ ಹೇಳಿದ್ದಿರಿ. ಸಬ್ಜೆಕ್ಟ್ ಟು ಕರೆಕ್ಷನ್ ಕೇಳುತ್ತೇನೆ. ಇನ್ನೂ ಕಲಿಯುತ್ತಿರುವವರು ಮನುಷ್ಯರ ಮೇಲೆ ಯಾಕೆ ಕೈ ಹಾಕಬೇಕು? ನಮ್ಮ ಅಡಿಗೆಯ ಮುಂಡಪ್ಪ ಎಲ್ಲಿಂದಲೋ ಹೊಸ ಮಸಾಲೆ ಕಲಿತು ಬಂದರೆ ಮೊದಲು ಅವನೇ ತಿನ್ನಬೇಕು, ಮತ್ತೆ ನಾನು ತಿನ್ನಬೇಕು, ಆಮೇಲೆ ಗಿರಾಕಿಗೆ. ಈ ಕುರ್ಚಿ ಡಿಸೆಂಬರಿನ ಮಸಾಲೆ ಅಲ್ಲವೇ? ನೀವು ತಿಂದು ನೋಡಿದ್ದೀರಾ? ಆ ಶನಿವಾರದ ಸಭೆಯಲ್ಲಿ ನನ್ನ ಕಥೆ ಹೇಳಿ ನಗುತ್ತೀರಾ?

ಇಲ್ಲಿಯ ವಿಷಯ ಹೇಳುವುದಾದರೆ, ಇನ್ನೊಂದನ್ನು ಕಂಡುಹಿಡಿದಿದ್ದೇನೆ. ಪ್ರಾಪ್ತಿ ಚಾ ಬಿಟ್ಟಿದ್ದಾಳೆ. ಹೋಟೆಲಿನಲ್ಲಿ ಹುಟ್ಟಿ ಬೆಳೆದವಳು, ಹಾಲು ಬಿಟ್ಟ ಮೇಲೆ ಚಾದಲ್ಲೇ ದೊಡ್ಡವಳಾದವಳು. ಅಳಿಯ ಲತೇಶ ಮಸ್ಕತ್ತಿನಿಂದ ರಜೆಯಲ್ಲಿ ಬಂದಾಗ, "ಮಾವ, ಇವಳಿಗೆ ಈಗ ಚಾ ಆಗುವುದಿಲ್ಲವಾ?" ಎಂದು ನನ್ನನ್ನೇ ಕೇಳಿದ. ಆಗುವುದಿಲ್ಲ ಅಲ್ಲ, ಮುಟ್ಟುವುದಿಲ್ಲ. ಯಾವಾಗಿನಿಂದ ಎಂದು ಹಿಂದೆ ಹಿಂದೆ ಹೋಗಿ ನೋಡಿದೆ. ಆಸ್ಪತ್ರೆಯಿಂದ ಬಂದ ಲಾಗಾಯ್ತು. ದಿನಾ ಬೆಳಿಗ್ಗೆ ಹೋಟೆಲು ತೆರೆಯುವಾಗ ನನ್ನ ಕೈಯ ಮೊದಲ ಗ್ಲಾಸು ಸರಸನದ್ದು. ಅದು ಮಾರುವ ಚಾ ಅಲ್ಲ. ಮದುವೆಯಾದಂದಿನಿಂದ ಹಾಗೆ. ಚಾಕ್ಕೂ ಆ ಮಧ್ಯಾಹ್ನಕ್ಕೂ ಏನೋ ಸಂಬಂಧ ಉಂಟು. ಸರಸನ ಬೋಜ್ಜದ ದಿನವೇ ನನಗೆ ಕಾಣಬೇಕಿತ್ತು. ಊರವರೆಲ್ಲ ಆ ಹದಿಮೂರನೆಯ ದಿನದ ಕ್ರಿಯೆಗೆ ಬಂದು ಚಾ ಕುಡಿಯುವಾಗ ಪ್ರಾಪ್ತಿ ಎದ್ದು ಹಿತ್ತಲಿಗೆ ಹೋದಳು.

ನೀವು ಕಲಿತವರು, ಇದರ ಅರ್ಥ ಬರೆದು ತಿಳಿಸಿ.

ಉತ್ತರ ಕಾಯುತ್ತಾ, ನಂಬದೆ,
ಸಂಕಪ್ಪ ಶೆಟ್ಟಿ


ಮೂಡುಬಿದಿರೆ
7 ಏಪ್ರಿಲ್ 2025

ಸಂಕಪ್ಪ ಶೆಟ್ರಿಗೆ,

ಉತ್ತರ ತಡವಾಯಿತು. ತಿಂಗಳ ಶನಿವಾರ ಕಳೆಯಲಿ ಎಂದು ಕಾದೆ.

ನಮ್ಮ ಕೆಲಸದಲ್ಲಿ ಎಷ್ಟು ವರ್ಷ ಕಳೆದರೂ ನಾವು ಮಾಡಿದ್ದನ್ನು ಇನ್ನೊಬ್ಬರ ಮುಂದೆ ಇಟ್ಟು ನೋಡಿಸಿಕೊಳ್ಳಬೇಕು. ಕೋಣೆಯ ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಇದು. ಒಳಗೆ ನಾನು ತಪ್ಪಿದರೆ ನೋಡುವವರಿಲ್ಲ, ನನ್ನೆದುರು ಕೂತವರಿಗೆ ಅದು ತಪ್ಪೆಂದು ಗೊತ್ತಾಗದೆಯೂ ಇರಬಹುದು. ಶನಿವಾರದ ಸಭೆ ಅದಕ್ಕೆ. ಅಲ್ಲಿ ಹೆಸರು, ಊರು, ಕಸುಬು ಯಾವುದನ್ನೂ ಹೇಳುವುದಿಲ್ಲ. ನಗುವುದಿಲ್ಲ. ಹಾಗಿದ್ದೂ ನಿಮ್ಮನ್ನು ಕೇಳದೆ ಕುರ್ಚಿಯ ಸಂಗತಿ ಹೇಳಿದ್ದೇನೆ. ಇನ್ನು ಮುಂದೆ ನೀವು ಬೇಡ ಎಂದರೆ ಹೇಳುವುದಿಲ್ಲ.

ನನಗಿಂತ ಹಿರಿಯರಾದ ಒಬ್ಬರು ಅಲ್ಲಿದ್ದಾರೆ. ವಿಧಾನ ಸರಿಯಾಗಿತ್ತೇ ಎಂದು ಅವರು ಚರ್ಚಿಸುತ್ತಾರೆ ಎಂದುಕೊಂಡಿದ್ದೆ. ಅವರು ಒಂದೇ ಪ್ರಶ್ನೆ ಕೇಳಿದರು. ಕುರ್ಚಿ ಎಳೆದದ್ದು ಅವರಿಗೆ ಬೇಕಾಗಿತ್ತೆಂದೋ, ನಿನಗೆ ಹೊಸತಾಗಿ ಬಂತೆಂದೋ? ಬಸ್ಸಿನಲ್ಲಿ ಬರುವಾಗಲೂ ನಾನು ಆ ಪ್ರಶ್ನೆಯನ್ನೇ ಹಿಡಿದುಕೊಂಡಿದ್ದೆ.

ಡಿಸೆಂಬರಿನ ಮಸಾಲೆಯನ್ನು ನಾನು ತಿಂದು ನೋಡಿದ್ದೇನೆ. ಕೋರ್ಸಿನಲ್ಲಿ ಪ್ರತಿಯೊಬ್ಬರೂ ತಮ್ಮ ಮೇಲೆ ಪ್ರಯೋಗ ಮಾಡಿಕೊಳ್ಳಬೇಕು. ತೀರಿಹೋದ ನನ್ನ ಅಪ್ಪ ನೋಣಯ್ಯನನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿದೆ. ಬಹಳ ಅತ್ತೆ. ನನಗೆ ಆದದ್ದು ಎಲ್ಲರಿಗೂ ಆಗುತ್ತದೆ ಎಂದು ಅಲ್ಲಿಯೇ ತೀರ್ಮಾನಿಸಿಬಿಟ್ಟೆ. ಅದು ಕಲಿತವರು ಮಾಡುವ ತಪ್ಪು. ಅದೇ ಅಪ್ಪನಿಗೆ ಮನೆಯಲ್ಲಿ ಅಮ್ಮ ಆಟಿಯಲ್ಲಿ ಎಲೆ ಹಾಕುತ್ತಾಳೆ. ನಾನು ಬಾಗಿಲ ಹೊರಗೆ ನಿಂತು, ಇದು ಊರಿನ ಕ್ರಮ, ಅದು ನನ್ನ ವಿದ್ಯೆ ಎಂದು ಬೇರೆ ಬೇರೆ ಇಟ್ಟುಕೊಂಡೆ. ಎರಡನ್ನೂ ಒಂದೇ ತಲೆಯಲ್ಲಿ ಹೊತ್ತು ತಿರುಗಿದೆ, ಒಂದಕ್ಕೊಂದು ಪರಿಚಯ ಮಾಡಿಸಲಿಲ್ಲ.

ವಿಧಾನವನ್ನು ಕಲಿಯಲಿಕ್ಕೆ ಐದು ದಿನ ಸಾಕು ಶೆಟ್ರೇ. ಯಾರ ಮುಂದೆ ಅದನ್ನು ತೆಗೆಯಬಾರದು ಎಂದು ಕಲಿಯಲಿಕ್ಕೆ ಇಷ್ಟು ವರ್ಷವೂ ಸಾಕಾಗಿಲ್ಲ.

ಆದರೆ ನೀವೂ ಒಂದನ್ನು ಕೇಳಿ. ಆ ದಿನ ಕುರ್ಚಿಯ ಎದುರು ಮಾತು ನಿಂತಾಗ ನೀವು ಕುರ್ಚಿಯನ್ನು ನೋಡಲಿಲ್ಲ. ಬಾಗಿಲನ್ನು ನೋಡಿದಿರಿ, ಹೊರಗೆ ಬೆಂಚಿನಲ್ಲಿ ಪ್ರಾಪ್ತಿ ಕಾಯುತ್ತಿದ್ದಾರೋ ಎಂಬ ಹಾಗೆ. ನಿಮ್ಮ ಪ್ರಶ್ನೆ ತೀರಿಹೋದವರಿಗಲ್ಲ, ಇರುವವರಿಗೆ. ಇಷ್ಟು ದಿನ ನೀವು ಅದನ್ನು ಪೊಲೀಸರ ಹಾಗೆ ಕೇಳಿದ್ದೀರಿ. ಚಾದ ಅರ್ಥವನ್ನು ನಾನು ಬರೆಯುವುದಿಲ್ಲ, ಯಾಕೆಂದರೆ ನನಗೆ ಗೊತ್ತಿಲ್ಲ. ಗೊತ್ತಿರುವ ಹಾಗೆ ಬರೆದರೆ ನೀವು ನಂಬಬಾರದು.

ನಿಮ್ಮ ಸಂಶಯಕ್ಕೆ ಋಣಿಯಾದ
ಹರಿಣಾಕ್ಷಿ


ಮಡಂತ್ಯಾರು
27 ಮೇ 2025

ಮೇಡಂ,

ಸರಸ ಹೋಗಿ ವರ್ಷ ಆಯಿತು.

ನಾನು ಮೂಡುಬಿದಿರೆಗೆ ಬಂದಿದ್ದೆ, ನಿಮ್ಮಲ್ಲಿಗೆ ಅಲ್ಲ. ಎದುರಿನ ಹಣ್ಣಿನ ಜ್ಯೂಸಿನ ಅಂಗಡಿಯಲ್ಲಿ ಕೂತು ನಿಮ್ಮ ಕಿಟಕಿ ನೋಡಿದೆ. ಆ ಕುರ್ಚಿ ಕಿಟಕಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಂತಿದೆ. ಮೇಲೆ ನೀರಿನ ಹೂಜಿ ಇಟ್ಟಿದ್ದೀರಿ, ಯಾರೂ ಕೂರದ ಹಾಗೆ. ನಾನು ನೋಡಲಿ ಎಂದು ಇಟ್ಟದ್ದೋ ಎಂದು ಮೊದಲು ಅನ್ನಿಸಿತು. ನಾನು ಬರುವುದು ನಿಮಗೆ ಗೊತ್ತಿರಲಿಲ್ಲ. ಹಾಗಾದರೆ ಯಾರಿಗಾಗಿ ಎಂದು ಗೊತ್ತಾಗದೆ ಎರಡನೇ ಜ್ಯೂಸು ಹೇಳಿದೆ.

ಪೊಲೀಸರ ಹಾಗೆ ಎಂದಿರಿ. ವಿತ್ ಡ್ಯೂ ರೆಸ್ಪೆಕ್ಟ್, ಅದು ನನಗೆ ನಾಟಿತು, ಸಿಟ್ಟೂ ಬಂತು. ಬೇರೆ ಹೇಗೆ ಕೇಳುವುದು ಎಂದು ನೀವು ಬರೆಯಲಿಲ್ಲ. ನನಗೆ ತೋಚಿದ ಹಾಗೆ ಒಂದು ಮಾಡಿದೆ. ಮನೆಯಲ್ಲೇ ಚಾ ಮಾಡಿ ಪ್ರಾಪ್ತಿಯ ಮುಂದೆ ಇಟ್ಟೆ, ಏನೂ ಕೇಳಲಿಲ್ಲ, ಮುಖ ಮಾತ್ರ ನೋಡಿದೆ. ಅವಳು ಗ್ಲಾಸನ್ನು ನೋಡಿದಳು, ನನ್ನನ್ನು ನೋಡಿದಳು. "ನೀವು ಇದನ್ನು ಪರೀಕ್ಷೆಗೆ ಇಟ್ಟದ್ದಾ ಅಪ್ಪ?" ಎಂದಳು. ಎದ್ದು ಹೋದಳು. ಅಂದಿನಿಂದ ನಾವು ಮಾತಾಡುವುದು ಗ್ಯಾಸು, ಕರೆಂಟು ಅಷ್ಟೇ. ಮಸ್ಕತ್ತಿಗೆ ಗಂಡನ ಹತ್ತಿರ ಹೋಗುತ್ತಾಳೆ ಎಂದು ಮುಂಡಪ್ಪ ಹೇಳಿದ. ಆಟಿ ಕಳೆದ ಮೇಲಂತೆ, ಆಮೇಲೆ ನೋಡಿಕೊಳ್ಳುವವರಿಲ್ಲದೆ ಹೋಟೆಲಿಗೆ ಬೀಗವಂತೆ. ನನಗೆ ಅವಳು ಹೇಳಿಲ್ಲ.

ಅವಳು ಹೋದರೆ, ಆ ಮಧ್ಯಾಹ್ನವನ್ನೂ ಹಿಡಿದುಕೊಂಡು ಹೋಗುತ್ತಾಳೆ. ಆಮೇಲೆ ಕೇಳಲಿಕ್ಕೆ ಜನ ಇಲ್ಲ.

ಏನು ಮಾಡುವುದೆಂದು ಬರೆಯಿರಿ. ನಿಮ್ಮ ಯಾವ ಸರ್ಟಿಫಿಕೇಟಿನಿಂದಲಾದರೂ ಆಗಬಹುದು.

ಸಂಕಪ್ಪ ಶೆಟ್ಟಿ


ಮೂಡುಬಿದಿರೆ
4 ಜೂನ್ 2025

ಶೆಟ್ರಿಗೆ,

ಹೂಜಿ ಇಟ್ಟದ್ದು ನನಗಾಗಿ. ಕೈ ಅಭ್ಯಾಸಬಲದಿಂದ ಕುರ್ಚಿಗೆ ಹೋಗದಿರಲಿ ಎಂದು.

ಏನು ಮಾಡಬೇಕೆಂದು ಹೇಳಲಿಕ್ಕೆ ನನ್ನ ಹತ್ತಿರ ವಿಧಾನ ಇಲ್ಲ, ನಿಮ್ಮ ಹತ್ತಿರ ಉಂಟು. ಮೊದಲ ಕಾಗದದಲ್ಲಿ ನೀವೇ ಬರೆದಿದ್ದೀರಿ: ಕರೆದರೆ ಬಡಿಸಬೇಕು. ಕಳೆದ ಆಟಿಯಲ್ಲಿ ಬೇಡ ಎಂದದ್ದು ಯಾಕೆ? ಸರಸಮ್ಮನಿಗೆ ಸಿಟ್ಟಿದ್ದರೆ, ಎಲೆಯ ಮುಂದೆ ಅದು ಗೊತ್ತಾದೀತು ಎಂದು ಹೆದರಿದಿರಾ?

ಇದು ಬರೇ ಪ್ರಶ್ನೆ. ತಪ್ಪಿದ್ದರೆ ತಿದ್ದಿ.

ಹರಿಣಾಕ್ಷಿ


ಮಡಂತ್ಯಾರು
2 ಆಗಸ್ಟ್ 2025

ಹರಿಣಾಕ್ಷಿ ಮೇಡಂ ಅವರಿಗೆ,

ನಿಮ್ಮ ಪ್ರಶ್ನೆ ತಪ್ಪಿರಲಿಲ್ಲ. ಅದಕ್ಕೇ ಎರಡು ತಿಂಗಳು ಉತ್ತರಿಸಲಿಲ್ಲ.

ನಿನ್ನೆ ಎಲೆ ಹಾಕಿದೆವು. ತೋಡಾರಿನ ತಂಗಿ ಹಿಂದಿನ ದಿನವೇ ಬಂದಿದ್ದಳು. ಪ್ರಾಪ್ತಿ ಅಡಿಗೆ ಮಾಡಿದಳು. ಕೋಳಿ ಸಾರು, ದೋಸೆ, ಸರಸನಿಗೆ ಇಷ್ಟದ ತೊಜಂಕು ಸೊಪ್ಪಿನ ಪಲ್ಯ. ಒಳಕೋಣೆಯಲ್ಲಿ ದೀಪ ಹಚ್ಚಿ, ಹಿರಿಯರಿಗೆಲ್ಲ ಬಡಿಸಿ, ಕೊನೆಯ ಎಲೆ ಅವಳಿಗೆ. ನಾನು ಹೆಸರು ಹಿಡಿದು ಕರೆದೆ. ಸ್ವರ ಸರಿಯಾಗಿಯೇ ಬಂತು. ಏಳಲಿಕ್ಕೆ ಹೊರಟಾಗ ಪ್ರಾಪ್ತಿ, "ಅಪ್ಪ, ಒಂದು ನಿಮಿಷ" ಎಂದು ಆ ಎಲೆಯ ಮುಂದೆ ಕೂತಳು. ನನಗೆ ಬೆನ್ನು ಹಾಕಿ, ತಾಯಿಯ ಹತ್ತಿರ ತುಳುವಿನಲ್ಲಿ ಹೇಳಿದಳು. ಕನ್ನಡದಲ್ಲಿ ಬರೆಯುತ್ತೇನೆ.

"ಅಮ್ಮ, ಅಪ್ಪ ಬಂದಿದ್ರು. ಕೆಳಗೇ ಕೂತಿದ್ರು. ಇನ್ನೂ ಬರ್ಲಿಲ್ಲ ಅಂತ ನಿನಗೆ ಹೇಳಿದ್ದು ನಾನು."

ನಾವು ಹೊರಗೆ ಬಂದೆವು. ತಂಗಿ ಬಾಗಿಲು ಹಾಕಿದಳು. ಉಳಿದದ್ದನ್ನು ಪ್ರಾಪ್ತಿ ಜಗಲಿಯ ಕಂಬ ಹಿಡಿದುಕೊಂಡು ಹೇಳಿದಳು. ಆ ಮಧ್ಯಾಹ್ನ ಸರಸ ಕೇಳಿದ್ದು ಒಂದೇ. ನಿನ್ನ ಅಪ್ಪ ಬಂದರಾ, ಬಂದರೆ ಅವರ ಕೈಯ ಒಂದು ಚಾ ತರಲಿಕ್ಕೆ ಹೇಳು. ಬಾಯಿಗೆ ಒಂದು ಹನಿ ಹಾಕಬಾರದು ಎಂದು ಡಾಕ್ಟರು ಹೇಳಿದ್ದರು. "ನೀವು ಮೇಲೆ ಬಂದ್ರೆ ಕೊಡದೆ ಇರ್ಲಿಕ್ಕಿಲ್ಲ ಅಂತ ನನಗೆ ಗೊತ್ತಿತ್ತು ಅಪ್ಪ. ಸಂಜೆಗೆ ಸರಿಯಾಗ್ತದೆ, ಆಗ ಕರೀತೇನೆ ಅಂತ ಇದ್ದೆ."

ಸಂಜೆಯವರೆಗೆ ಸರಸ ಇರಲಿಲ್ಲ.

ಇಷ್ಟು ದಿನ ನಾನು ಕಾದಿದ್ದದ್ದು ಒಂದು ದೂರಿಗೆ. ಬಂದದ್ದು ಒಂದು ಚಾ. ಮೇಲೆ ಹೋಗಿದ್ದರೆ ಕೊಡುತ್ತಿದ್ದೆನೇ? ಟು ಬಿ ಫ್ರ್ಯಾಂಕ್, ಕೊಡುತ್ತಿದ್ದೆ. ಮಗಳ ಲೆಕ್ಕ ಸರಿ. ಆದರೂ ನಾನು ಬರಲಿಲ್ಲ ಎಂದು ತಿಳಿದು ಸರಸ ಹೋದಳಲ್ಲ.

ನಾನು ನೇರ ಹೋಟೆಲಿಗೆ ಹೋದೆ. ಮುಂಡಪ್ಪ ನನ್ನನ್ನು ನೋಡಿ ಒಲೆ ಬಿಟ್ಟುಕೊಟ್ಟ. ಚಾ ಮಾಡಿ ತಂದು ಒಳಕೋಣೆಯ ಬಾಗಿಲಿಗೆ ಕೈ ಹಾಕುವಾಗ ತಂಗಿ ಅಡ್ಡ ಬಂದಳು. "ಅಣ್ಣ, ಹಾಕಿದ ಬಾಗಿಲು ಮಧ್ಯದಲ್ಲಿ ತೆಗೆಯುವ ಕ್ರಮ ಇಲ್ಲ." ಇಲ್ಲ ಎಂದು ನನಗೂ ಗೊತ್ತು. ಕ್ರಮದ ವಿಷಯದಲ್ಲಿ ನಿಮ್ಮ ಮೇಲೆ ಅಷ್ಟು ದೊಡ್ಡ ಕಾಗದ ಬರೆದವನು ನಾನೇ. ತೆಗೆದೆ. ಗ್ಲಾಸನ್ನು ಎಲೆಯ ಪಕ್ಕ ಇಟ್ಟೆ. ನಾನು ಬಂದಿದ್ದೇನೆ ಎಂದೆ. ಬಾಗಿಲು ಹಾಕಿ ಹೊರಗೆ ಬಂದು ಪ್ರಾಪ್ತಿಯ ಹತ್ತಿರ ನಿಂತೆ.

ಹೊತ್ತಾದ ಮೇಲೆ ತಂಗಿ ಕೆಮ್ಮಿ ಬಾಗಿಲು ತೆರೆದಳು. ಬಡಿಸಿದ್ದನ್ನು ಮನೆಯವರು ಉಣ್ಣಬೇಕಲ್ಲ, ಚಾವನ್ನೂ ಬಿಡುವ ಹಾಗಿಲ್ಲ. ಆರಿ, ಮೇಲೆ ಕೆನೆ ಕಟ್ಟಿತ್ತು. ಪ್ರಾಪ್ತಿಗೆ ಕೊಟ್ಟೆ. ಇದು ಪರೀಕ್ಷೆ ಅಲ್ಲ ಎಂದೆ. ಅವಳು ಅರ್ಧ ಕುಡಿದು ನನಗೆ ಕೊಟ್ಟಳು.

ಅವಳನ್ನು ಕ್ಷಮಿಸಿದೆ ಎಂದು ನಿಮಗೆ ಬರೆಯುವುದಿಲ್ಲ. ಆಗಿದೆಯೋ ಇಲ್ಲವೋ ನನಗೇ ತಿಳಿಯದು. ಇವತ್ತು ಬೆಳಿಗ್ಗೆಯಿಂದ ಅವಳ ಮುಖ ನೋಡಿದರೆ ಒಮ್ಮೆ ಪಾಪ ಅನಿಸುತ್ತದೆ, ಒಮ್ಮೆ ಎದ್ದು ಹೋಗುವ ಅನಿಸುತ್ತದೆ. ಅವಳಿಗೂ ನನ್ನ ವಿಷಯದಲ್ಲಿ ಹಾಗೆಯೇ ಇರಬಹುದು. ವರ್ಷವಿಡೀ ಅವಳ ಅಡಿಗೆಯನ್ನು ಮೂಸಿ ನೋಡಿದವನು ನಾನು. ಮಸ್ಕತ್ತಿನ ಟಿಕೇಟು ಸದ್ಯಕ್ಕೆ ಮಾಡಿಲ್ಲವಂತೆ.

ನಿಮಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದ್ದೆಯಾ ಎಂದು ಅವಳನ್ನೇ ಕೇಳಿದೆ. ಇಲ್ಲವಂತೆ. ಅಪ್ಪ ಊಟ ಮಾಡುವುದಿಲ್ಲ ಎಂದು ಮಾತ್ರ ಹೇಳಿದ್ದಂತೆ. ಹಾಗಾದರೆ ನಿಮಗೆ ಏನೂ ಗೊತ್ತಿರಲಿಲ್ಲ. ಇಲ್ಲ ಎಂದು ಒಂದು ಮಾತು ಬರೆದಿದ್ದರೆ ಅಷ್ಟು ಡೌಟು ಪಡುವುದು ನನಗೆ ತಪ್ಪುತ್ತಿತ್ತು. ಬರೆಯಲಿಲ್ಲ. ಇದು ನಿಮ್ಮ ವಿದ್ಯೆಯ ಒಳ್ಳೆಯ ಗುಣವೋ ಹಟವೋ ಎಂದು ನಾನು ಇನ್ನೂ ನೋಡುತ್ತಿದ್ದೇನೆ. ನಿಮ್ಮ ಮೇಲಿನ ಸಂಶಯ ಪೂರ್ತಿ ಹೋಗಿದೆ ಎಂದು ತಿಳಿಯಬೇಡಿ. ಶನಿವಾರದ ಸಭೆಯಲ್ಲಿ ಇದನ್ನು ಹೇಳುವುದಾದರೆ ಹೇಳಿ. ಚಾ ಎಂದೇ ಹೇಳಿ, ಬದಲಿಸಬೇಡಿ.

ಮಂಗಳವಾರ ಹನ್ನೊಂದಕ್ಕೆ ಬರುತ್ತೇನೆ. ತೋಡಾರಿಗೆ ಎಂದು ಹೇಳಿ ಅಲ್ಲ. ಪ್ರಾಪ್ತಿಯೂ ಬರುತ್ತಾಳೆ, ಅವಳಿಗೂ ಕೂರಲಿಕ್ಕೆ ಜಾಗ ಬೇಕು. ಗೋಡೆಗೆ ತಿರುಗಿಸಿಟ್ಟ ಆ ಕುರ್ಚಿಯ ಮೇಲಿನ ಹೂಜಿ ತೆಗೆಯಿರಿ. ಸರಸ ಮನೆಯಲ್ಲಿ ಉಂಡು ಹೋಗಿದ್ದಾಳೆ.

ಸಂಕಪ್ಪ ಶೆಟ್ಟಿ
(ಇನ್ನು ಕಾಗದವನ್ನು ಮನೆಯ ವಿಳಾಸಕ್ಕೇ ಹಾಕಬಹುದು.)